ಅಳತೆ ತೆಗೆದವರ ಚರಿತ್ರೆ

ಧಾರವಾಡದಿಂದ ಅಳ್ನಾವರದ ಕಡೆ ಹೋಗುವ ರೈಲು ದಾರಿಯಲ್ಲಿ ಮುಗದ ಒಂದು ಸಣ್ಣ ನಿಲ್ದಾಣ. ಈ ಊರನ್ನು ಜನ ಎರಡು ಕಾರಣಕ್ಕೆ ಬಲ್ಲರು, ಒಂದು ಭತ್ತ, ಇನ್ನೊಂದು ಮಡಕೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿದೆ, ಕುಂಬಾರರ ಓಣಿಯೂ ಇದೆ. ನಾನು ಆ ಓಣಿಯವನು. ಆದರೆ ನನ್ನ ಕೈ ಮಣ್ಣಿಗಿಂತ ಹೆಚ್ಚು ವರ್ಷ ಕಬ್ಬಿಣದ ಮೇಲೆ ಆಡಿದೆ. ಬಸ್ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಮೊದಲು ವೆಲ್ಡರ್ ಆಗಿ, ಆಮೇಲೆ ಫೈಬರ್ ಕೆಲಸದವನಾಗಿ ದುಡಿದು, ಈಗ ಊರಲ್ಲೇ ಸ್ವಂತ ಶೆಡ್ಡು ಹಾಕಿಕೊಂಡಿದ್ದೇನೆ. ಟ್ರ್ಯಾಕ್ಟರ್ ಟ್ರೇಲರು, ಗೇಟು, ಕಿಟಕಿಯ ಸರಳು ಹೊಟ್ಟೆಪಾಡಿನ ಕೆಲಸ. ಸಂಜೆಯ ಹೊತ್ತು ಮಾತ್ರ ಬೇರೆಯದಕ್ಕೆ ಮೀಸಲು. 1957ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೋಟಸ್ ಸೆವೆನ್ ಎಂಬ ಸ್ಪೋರ್ಟ್ಸ್ ಕಾರಿನ ಪ್ರತಿರೂಪವನ್ನು ಈ ಶೆಡ್ಡಿನಲ್ಲಿ ಕಟ್ಟುತ್ತಿದ್ದೇನೆ.

ನೋಡಲು ಬರುವ ಹುಡುಗರು ಮೊದಲು ಕೇಳುವುದು ಒಂದೇ ಮಾತು: “ಕಾಕಾ, ಇದು ಡೂಪ್ಲಿಕೇಟ್ ಐತೇನು?” ಹೌದು ಅನ್ನುತ್ತೇನೆ. ಆದರೆ ಅಷ್ಟಕ್ಕೇ ಮಾತು ಮುಗಿಸಿದರೆ ಆ ಹುಡುಗರಿಗೂ ಅನ್ಯಾಯ, ಈ ಕಾರಿಗೂ ಅನ್ಯಾಯ. ಒಬ್ಬರು ಮಾಡಿದ್ದರ ಅಳತೆ ತೆಗೆದು ಇನ್ನೊಬ್ಬರು ಮಾಡುವುದು, ಮಾಡುತ್ತ ಮಾಡುತ್ತ ತಿದ್ದುವುದು, ತಿದ್ದುತ್ತ ತನ್ನದೊಂದು ಹೊಸದನ್ನು ಮುಟ್ಟುವುದು – ಮೋಟಾರಿನ ಲೋಕ ಹೀಗೆಯೇ ಬೆಳೆದಿದೆ. ನಮ್ಮ ಬೆಳಗಾವಿ–ಹುಬ್ಬಳ್ಳಿ ಸೀಮೆಯ ಕಬ್ಬಿಣದ ಕಸುಬು ಬೆಳೆದದ್ದೂ ಹಾಗೆಯೇ. ಆ ಚರಿತ್ರೆಯನ್ನು ಕಸುಬಿನವನೊಬ್ಬ ಬರೆದಿಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಲೋಟಸ್ ಸೆವೆನ್‌ನ ಕಥೆ ಶುರುವಾಗುವುದು ಅದಕ್ಕಿಂತ 35 ವರ್ಷ ಹಿಂದಿನ ಒಂದು ಬಡ ಕಾರಿನಿಂದ. 1922ರಲ್ಲಿ ಹರ್ಬರ್ಟ್ ಆಸ್ಟಿನ್ ‘ಆಸ್ಟಿನ್ ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದರು. ಇಷ್ಟು ಸಣ್ಣ ಕಾರು ಮಾಡುವುದು ಅವರ ಕಂಪನಿಯ ಆಡಳಿತ ಮಂಡಳಿಗೆ ಬೇಕಿರಲಿಲ್ಲ. ಆಸ್ಟಿನ್ ತಮ್ಮ ಮನೆಯಲ್ಲೇ ಮೇಜು ಹಾಕಿಸಿ, ಸ್ಟ್ಯಾನ್ಲಿ ಎಡ್ಜ್ ಎಂಬ 18 ವರ್ಷದ ಹುಡುಗನನ್ನು ಕೂರಿಸಿಕೊಂಡು ನಕ್ಷೆ ಬರೆಸಿದರು. ಆ ಹುಡುಗ ಬರೆದ ಕಾರು 747 ಸಿಸಿ ಎಂಜಿನ್ನಿನೊಂದಿಗೆ 1939ರ ವರೆಗೆ ಸುಮಾರು 2,90,000ದಷ್ಟು ತಯಾರಾಯಿತು. ಜರ್ಮನಿಯ ಡಿಕ್ಸಿ ಕಂಪನಿ ಪರವಾನಗಿ ಪಡೆದು ಅದನ್ನೇ ತನ್ನ ನೆಲದಲ್ಲಿ ಮಾಡಿತು. 1928ರಲ್ಲಿ ಡಿಕ್ಸಿಯನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು. ಇವತ್ತು ಬಿಎಂಡಬ್ಲ್ಯು ಅಂದರೆ ಕಣ್ಣರಳಿಸುವವರು ಇದನ್ನು ತಿಳಿದಿರಬೇಕು. ಆ ಕಂಪನಿ ಕಾರಿನ ವ್ಯಾಪಾರಕ್ಕೆ ಕಾಲಿಟ್ಟದ್ದೇ ಇನ್ನೊಬ್ಬರ ಕಾರಿನ ಪ್ರತಿಯ ಮೇಲೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಳೆಯ ಆಸ್ಟಿನ್ ಸೆವೆನ್‌ಗಳು ಇಂಗ್ಲೆಂಡಿನಲ್ಲಿ ಅಗ್ಗದ ದರಕ್ಕೆ ಸಿಗುತ್ತಿದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಕಾಲಿನ್ ಚಾಪ್‌ಮನ್ 1948ರಲ್ಲಿ ಅಂಥದೊಂದನ್ನು ಬಿಚ್ಚಿ, ಅದರ ಚಾಸಿಯ ಮೇಲೆ ಹಗುರವಾದ ಮೈ ಕಟ್ಟಿದ. ಗೆಳತಿಯ ಮನೆಯ ಹಿಂದಿನ ಗ್ಯಾರೇಜೇ ಅವನ ಕಾರ್ಖಾನೆ. ಅದೇ ಮೊದಲ ಲೋಟಸ್. 1952ರಲ್ಲಿ ಕಂಪನಿ ಆಯಿತು, 1957ರಲ್ಲಿ ಲೋಟಸ್ ಸೆವೆನ್ ಬಂತು. ಭಾರ ಕಡಿಮೆಯಾದರೆ ಎಂಜಿನ್ನಿಗೂ ಸುಖ, ಬ್ರೇಕಿಗೂ ಸುಖ, ಟೈರಿಗೂ ಸುಖ ಅನ್ನುವುದು ಚಾಪ್‌ಮನ್ನನ ನಂಬಿಕೆ. ಸಣ್ಣ ಉಕ್ಕಿನ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಚೌಕಟ್ಟು, ಅದಕ್ಕೆ ಅಲ್ಯೂಮಿನಿಯಂ ತಗಡಿನ ಹೊದಿಕೆ, ಮುಂದೆ ಫೋರ್ಡಿನ 1172 ಸಿಸಿ ಎಂಜಿನ್, ಹಿಂದೆ ಇಬ್ಬರು ಕೂರುವಷ್ಟು ಜಾಗ. ಬಾಗಿಲಿಲ್ಲ, ಗಾಜಿನ ಕಿಟಕಿಯಿಲ್ಲ. ಶಕ್ತಿ ಸುಮಾರು 40 ಅಶ್ವಶಕ್ತಿ ಮಾತ್ರ, ತೂಕವೋ ಅರ್ಧ ಟನ್ನಿನ ಆಸುಪಾಸು. ಅದಕ್ಕಿಂತ ದೊಡ್ಡ ಎಂಜಿನ್ನಿನ ಕಾರುಗಳನ್ನು ತಿರುವಿನಲ್ಲಿ ಹಿಂದೆ ಹಾಕಲು ಅಷ್ಟು ಸಾಕಾಗಿತ್ತು.

ಸೆವೆನ್ ಬಿಡಿ ಭಾಗಗಳ ರೂಪದಲ್ಲೂ ಮಾರಾಟವಾಗುತ್ತಿತ್ತು. ಆಗ ಬ್ರಿಟನ್ನಿನಲ್ಲಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿ ಭಾಗಗಳಿಗೆ ಇರಲಿಲ್ಲ. ಜೋಡಿಸುವ ಕೈಪಿಡಿ ಕೊಟ್ಟರೆ ತೆರಿಗೆ ಬೀಳುತ್ತದೆಂದು, ಚಾಪ್‌ಮನ್ ಬಿಚ್ಚುವ ಕೈಪಿಡಿ ಕೊಟ್ಟು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಅಂದನೆಂದು ಈಗಲೂ ಹೇಳುತ್ತಾರೆ. ಹೀಗೆ ಸಾಮಾನ್ಯ ಗುಮಾಸ್ತರು, ವಿದ್ಯಾರ್ಥಿಗಳು ತಮ್ಮ ಮನೆಯ ಹಿಂದೆ ನಿಂತು ಪಾನಾ ಹಿಡಿದು ಕಾರು ಕಟ್ಟಿದರು. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು, ಬಿಡಿ ಭಾಗದ ಲಾಭವೂ ಹೋಯಿತು. ಅದೇ ವರ್ಷ ಲೋಟಸ್ ಈ ಕಾರಿನ ಹಕ್ಕನ್ನು ಗ್ರಹಾಂ ನಿಯರ್ನ್ ಅವರ ಕೇಟರ್‌ಹ್ಯಾಮ್ ಕಾರ್ಸ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಲೋಟಸ್ ಮಾಡಿದ್ದು ಸುಮಾರು 2,500 ಕಾರು. ಕೇಟರ್‌ಹ್ಯಾಮ್ ಅಲ್ಲಿಂದ ಇವತ್ತಿನವರೆಗೂ ಅದನ್ನೇ ತಿದ್ದುತ್ತ, ಅದನ್ನೇ ಮಾಡುತ್ತ ಬಂದಿದೆ.

ಆದರೆ ನನ್ನಂಥ ಕೈಗಾರನಿಗೆ ಬಾಗಿಲು ತೆರೆದವರು ಬೇರೆಯವರು. ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಶಾಲಾ ಶಿಕ್ಷಕರು 1996ರಲ್ಲಿ ಒಂದು ಪುಸ್ತಕ ಬರೆದರು. ಸೆವೆನ್ ಮಾದರಿಯ ಕಾರನ್ನು 250 ಪೌಂಡಿನಷ್ಟು ಕಡಿಮೆ ಹಣದಲ್ಲಿ ಮನೆಯಲ್ಲೇ ಕಟ್ಟುವುದು ಹೇಗೆಂದು ಅದರಲ್ಲಿ ಪೈಪು ಪೈಪಿನ ಅಳತೆ ಸಮೇತ ತೋರಿಸಿದರು. ಚೌಕಟ್ಟಿಗೆ ಒಂದಿಂಚಿನ ಚೌಕ ಪೈಪು. ಅದನ್ನು ಕತ್ತರಿಸುವುದು ಸುಲಭ, ಕೂಡಿಸುವುದು ಸುಲಭ, ಎಲ್ಲಿ ಬೇಕಾದರೂ ಸಿಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವೂ ಗುಜರಿಗೆ ಬಂದ ಒಂದು ಫೋರ್ಡ್ ಎಸ್ಕಾರ್ಟಿನಿಂದ. ದೊಡ್ಡ ಕಾರ್ಖಾನೆಯ ಗುಟ್ಟು ಹೀಗೆ ವೆಲ್ಡಿಂಗ್ ಬಲ್ಲ ಯಾರ ಕೈಗಾದರೂ ಸಿಗುವಂತಾಯಿತು. ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಆ ಅಳತೆ ಹಿಡಿದು ಕಾರು ಕಟ್ಟಿದರು. ಒಬ್ಬೊಬ್ಬರೂ ತಮ್ಮ ಊರಿನಲ್ಲಿ ಸಿಗುವ ಎಂಜಿನ್ನಿಗೆ ತಕ್ಕಂತೆ ಆ ಚೌಕಟ್ಟನ್ನು ಬದಲಿಸಿಕೊಂಡರು.

ಪ್ರತಿರೂಪದ ಲೋಕದಲ್ಲಿ ಇನ್ನೊಂದು ದೊಡ್ಡ ಹೆಸರು ಕೋಬ್ರಾ. ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಏಸ್ ಎಂಬ ಹಗುರ ಕಾರಿಗೆ ಫೋರ್ಡಿನ ವಿ8 ಎಂಜಿನ್ ಕೂರಿಸಿ ಮಾಡಿದ ಕಾರು ಅದು. ಮೂಲದಲ್ಲಿ ತಯಾರಾದದ್ದು ಸುಮಾರು ಸಾವಿರ. ಪ್ರತಿರೂಪಗಳು ಅದರ ಎಷ್ಟೋ ಪಟ್ಟು. ಮೊತ್ತಮೊದಲ ಕೋಬ್ರಾ 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಇಷ್ಟು ಬೆಲೆ ಬಂದ ಕಡೆ ಮೋಸವೂ ಬರುತ್ತದೆ. ಹಳೆಯ ಚಾಸಿ ನಂಬರು ಒತ್ತಿ, ಮೂಲ ಕಾರೆಂದು ಮಾರುವುದು ಕಳ್ಳತನ. ಆದರೆ ಇದು ನಾನು ಕಟ್ಟಿದ್ದು ಅಂತ ಬರೆದ ತಗಡನ್ನು ಡ್ಯಾಶಿನ ಮೇಲೆ ಬಡಿದು ನಿಲ್ಲಿಸಿದ ಕಾರಿನಲ್ಲಿ ಯಾವ ಕಳ್ಳತನವೂ ಇಲ್ಲ. ಮೂಲದವರ ಹೆಸರು ಹೇಳಿ, ತನ್ನ ಹೆಸರನ್ನೂ ಹೇಳಿದರೆ ಅದು ಶಿಷ್ಯ ಗುರುವಿಗೆ ಸಲ್ಲಿಸುವ ಗೌರವ.

ಈಗ ನಮ್ಮ ಸೀಮೆಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋದವರು, ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಮಾಸ್ತರರಾದರು. ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಬಂದರು. ಈ ಎರಡನ್ನೂ ಅವರೇನೂ ಕಂಡುಹಿಡಿಯಲಿಲ್ಲ, ಬೇರೆ ದೇಶಗಳಲ್ಲಿ ಅವು ಮೊದಲೇ ಇದ್ದವು. ಅವರು ಅವನ್ನು ಇಲ್ಲಿನ ಎತ್ತಿನ ಶಕ್ತಿಗೆ, ಇಲ್ಲಿನ ಮಣ್ಣಿಗೆ, ಇಲ್ಲಿನ ರೈತನ ಕಿಸೆಗೆ ಹೊಂದಿಸಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಮೊದಮೊದಲು ನೇಗಿಲನ್ನು ಮುಟ್ಟಲೇ ಇಲ್ಲ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಭೂಮಿ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅದೇ ಮನೆತನದ ಕೈಯಿಂದ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರಗಳನ್ನು ಮಾಡಿತು. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯ ವರ್ಕ್‌ಶಾಪುಗಳಲ್ಲಿ ನನ್ನ ಹಿಂದಿನ ತಲೆಮಾರಿನ ಟರ್ನರುಗಳು ಕೈ ಪಳಗಿಸಿಕೊಂಡದ್ದು ಆ ಲೇತುಗಳ ಮೇಲೆ.

ಕಾರನ್ನೇ ಕಟ್ಟಲು ಹೊರಟವರೂ ನಮ್ಮ ನೆರೆಯಲ್ಲಿ ಇದ್ದರು. ಕೊಲ್ಲಾಪುರದ ಪಕ್ಕದ ಇಚಲಕರಂಜಿ ನಮ್ಮ ಗಡಿಗೆ ತಾಗಿಕೊಂಡಂತೆಯೇ ಇರುವ ನೇಕಾರರ ಊರು. ಅಲ್ಲಿನ ಶಂಕರರಾವ್ ಕುಲಕರ್ಣಿ ದೊಡ್ಡ ಓದು ಓದಿದವರಲ್ಲ. 1949ರಲ್ಲಿ ಮೊದಲ ಪುಟ್ಟ ಕಾರು ಕಟ್ಟಿ, 1970ರ ದಶಕದವರೆಗೂ ಒಂದಾದ ಮೇಲೊಂದು ಮಾದರಿ ತಿದ್ದುತ್ತ ಹೋದರು. ಕಾರಿನ ಹೆಸರು ಮೀರಾ. ಕಾರು ಓಡಿತು, ಆದರೆ ಕಾರ್ಖಾನೆ ಆಗಲಿಲ್ಲ. 1951ರ ಕೈಗಾರಿಕಾ ಕಾಯ್ದೆಯ ನಂತರ ಕಾರು ಮಾಡಬೇಕಾದರೆ ದಿಲ್ಲಿಯ ಲೈಸೆನ್ಸ್ ಬೇಕಿತ್ತು. ಒಬ್ಬ ಕೈಗಾರನಿಗೆ ಅದು ಎಟುಕುವ ಮಾತಾಗಿರಲಿಲ್ಲ.

ಲೈಸೆನ್ಸ್ ದಾಟಿ ಕಾರು ಮಾಡಿದ ಹೆಸರು ಬೆಂಗಳೂರಿನದು, ಸಿಪಾನಿ. ನನ್ನ ದೃಷ್ಟಿಯಲ್ಲಿ ಕನ್ನಡ ನೆಲದ ಮೋಟಾರು ಚರಿತ್ರೆಯಲ್ಲಿ ಇದರಷ್ಟು ಕಡೆಗಣಿಸಲ್ಪಟ್ಟ ಅಧ್ಯಾಯ ಇನ್ನೊಂದಿಲ್ಲ. ಮೊದಲು ಸನ್‌ರೈಸ್ ಎಂಬ ಹೆಸರಿನಲ್ಲಿ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ಈ ಸಂಸ್ಥೆ ತಂದಿತು. ಹಿಂದೆ 198 ಸಿಸಿಯ ಎಂಜಿನ್, ಮೈ ಪೂರ್ತಿ ಫೈಬರ್‌ಗ್ಲಾಸ್. ಆಮೇಲೆ ಅದಕ್ಕೆ ನಾಲ್ಕನೇ ಗಾಲಿ ಬಂತು. 1982ರ ಸುಮಾರಿಗೆ ‘ಡಾಲ್ಫಿನ್’ ಬಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಎಂಬ ಕಾರನ್ನು ಪರವಾನಗಿ ಪಡೆದು ಇಲ್ಲಿ ಕಟ್ಟಿದ್ದು ಅದು. ಎರಡು ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಓಟ ಹಿಂದಿನ ಗಾಲಿಗೆ.

ಇಲ್ಲಿ ನನಗೆ ರೋಮಾಂಚನ ತರುವ ಒಂದು ಎಳೆ ಇದೆ. ರಿಲಯಂಟ್ ಕಂಪನಿ ಹಿಂದೆ ತನ್ನ ಮೂರು ಗಾಲಿಯ ಗಾಡಿಗಳಿಗೆ ಕೊಳ್ಳುತ್ತಿದ್ದದ್ದು ಅದೇ ಆಸ್ಟಿನ್ ಸೆವೆನ್‌ನ ಎಂಜಿನ್. 1930ರ ದಶಕದ ಕೊನೆಗೆ ಆಸ್ಟಿನ್ ಅದನ್ನು ನಿಲ್ಲಿಸಿದಾಗ, ರಿಲಯಂಟ್ ಅದೇ ಮಾದರಿಯ 747 ಸಿಸಿ ಎಂಜಿನ್ನನ್ನು ತಾನೇ ಎರಕ ಹೊಯ್ದು ಮಾಡತೊಡಗಿತು. ಇನ್ನೊಬ್ಬರ ಎಂಜಿನ್ನನ್ನು ಇಪ್ಪತ್ತು ವರ್ಷಕ್ಕೂ ಮೀರಿ ಮಾಡುತ್ತ ಪಡೆದ ಅನುಭವದ ಮೇಲೆ 1962ರಲ್ಲಿ ತನ್ನದೇ ಆದ ಅಲ್ಯೂಮಿನಿಯಂ ಎಂಜಿನ್ ತಂದಿತು. ಅದು ಬೆಳೆದು ಬೆಳೆದು 848 ಸಿಸಿ ಆಗಿ ಬೆಂಗಳೂರಿನ ಡಾಲ್ಫಿನ್‌ನೊಳಗೆ ಕೂತಿತು. ಅಂದರೆ ಆ 18 ವರ್ಷದ ಹುಡುಗ ಬರೆದ ನಕ್ಷೆಯಿಂದ ಎರಡು ಕವಲು ಹೊರಟವು. ಒಂದು ಕವಲು ಚಾಪ್‌ಮನ್ನನ ಗ್ಯಾರೇಜಿಗೆ ಹೋಗಿ ಲೋಟಸ್ ಆಯಿತು, ಇನ್ನೊಂದು ರಿಲಯಂಟ್ ಮೂಲಕ ಕರ್ನಾಟಕಕ್ಕೆ ಬಂತು. ಲೋಟಸ್ಸಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಈ ವಂಶಾವಳಿಯನ್ನೇ ಹೇಳುತ್ತೇನೆ.

ಡಾಲ್ಫಿನ್ ಹಗುರ, ಎಂಜಿನ್ನೂ ಹಗುರ. ರೇಸಿನವರು ಇದನ್ನು ಬೇಗ ಗುರುತಿಸಿದರು. ಚೆನ್ನೈ ಹತ್ತಿರದ ಶೋಲಾವರಂನ ಹಳೆಯ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ, ರ‍್ಯಾಲಿಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಮಾರುಕಟ್ಟೆಯಲ್ಲಿ ಮಾತ್ರ ಅದರ ಗ್ರಹಗತಿ ಬೇರೆ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ನಾಲ್ಕು ಬಾಗಿಲಿನ ಉಕ್ಕಿನ ಕಾರು ಮಧ್ಯಮ ವರ್ಗದ ಮನೆಗಳ ಕನಸಾಯಿತು. ಫೈಬರ್ ಮೈ ಕಂಡವರು ಪ್ಲಾಸ್ಟಿಕ್ ಅಂದರು. ಸಿಪಾನಿಯವರು ಕಾರನ್ನು ಉದ್ದ ಮಾಡಿ ನಾಲ್ಕು ಬಾಗಿಲು ಇಟ್ಟು ‘ಮೊಂಟಾನಾ’ ತಂದರು. ತಂದ ಮಾದರಿಯನ್ನು ಇಲ್ಲಿನ ಕುಟುಂಬಕ್ಕೆ ತಕ್ಕಂತೆ ಹಿಗ್ಗಿಸಿದ ಆ ತಿದ್ದುಪಡಿ ಕನ್ನಡ ನೆಲದ ಕೆಲಸ. ಕಾರ್ಖಾನೆ ಉಳಿಯಲಿಲ್ಲ. ಆದರೆ ಫೈಬರಿನಲ್ಲಿ ಕಾರಿನ ಮೈ ಎರೆಯುವ ವಿದ್ಯೆ ನಮ್ಮ ರಾಜ್ಯದ ಕೈಗಳಿಗೆ ಬಂದದ್ದರಲ್ಲಿ ಆ ಕಾರ್ಖಾನೆಯ ಪಾಲು ದೊಡ್ಡದು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟಳೆ ಹೋಯಿತು. ಬೆಂಗಳೂರಿನ ಸ್ಯಾನ್ ಮೋಟರ್ಸ್ ಫ್ರಾನ್ಸಿನವರ ವಿನ್ಯಾಸದ ಮೇಲೆ ‘ಸ್ಟಾರ್ಮ್’ ಎಂಬ ಎರಡು ಸೀಟಿನ, ಮೇಲ್ಛಾವಣಿ ತೆಗೆಯುವ ಕಾರು ತಂದಿತು. ಅದಕ್ಕೂ ಫೈಬರ್ ಮೈ, ಒಳಗೆ ರೆನೋ ಕಂಪನಿಯ 1149 ಸಿಸಿ ಎಂಜಿನ್. ಲೋಟಸ್ ಸೆವೆನ್‌ನ ನೇರ ಪ್ರತಿರೂಪ ಭಾರತದಲ್ಲಿ ಮಾರಾಟಕ್ಕೆ ಬಂದದ್ದು ಮಹಾರಾಷ್ಟ್ರದ ಅಲಿಬಾಗ್ ಕಡೆಯಿಂದ. ಗೀಡೋ ಬೋಥೆ, ಶಮಾ ಬೋಥೆ ದಂಪತಿ ಕಟ್ಟಿದ ಚಿಂಕಾರಾ ಮೋಟರ್ಸ್ 2003ರ ಹೊತ್ತಿಗೆ ‘ರೋಡ್‌ಸ್ಟರ್’ ಹೊರತಂದಿತು. ಅದರೊಳಗಿದ್ದದ್ದು ನಮ್ಮ ಅಂಬಾಸಡರಿನಲ್ಲಿ ಕಾಣುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್. ಮಂತ್ರಿಗಳನ್ನು, ಟ್ಯಾಕ್ಸಿ ಪ್ರಯಾಣಿಕರನ್ನು ಹೊತ್ತ ಎಂಜಿನ್ ಹಗುರ ಚೌಕಟ್ಟಿನೊಳಗೆ ಕೂತ ಕೂಡಲೇ ಬೇರೆಯೇ ಗುಣ ತೋರಿಸಿತು. ಚಾಪ್‌ಮನ್ನನ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಾನು ಈ ಕೆಲಸಕ್ಕೆ ಬಂದ ದಾರಿ ಬಸ್ಸಿನದು. ಹುಬ್ಬಳ್ಳಿ ವಾಯವ್ಯ ಸಾರಿಗೆಯ ಕೇಂದ್ರ. ಧಾರವಾಡದಲ್ಲಿ ಟಾಟಾ ಮತ್ತು ಬ್ರೆಜಿಲ್ಲಿನ ಮಾರ್ಕೊಪೋಲೊ ಸೇರಿ ಕಟ್ಟಿದ ಬಸ್ ಕಾರ್ಖಾನೆ ಇದೆ. ಹೀಗಾಗಿ ನಮ್ಮ ಭಾಗದ ಊರೂರಿನಲ್ಲಿ ಬಸ್ ಕಟ್ಟಲು ಬಲ್ಲವರು ಸಿಗುತ್ತಾರೆ. ಬಸ್ಸಿನ ಮೈ ಬಿಚ್ಚಿ ನೋಡಿ, ಒಳಗೆ ಚೌಕ ಪೈಪಿನ ಪಂಜರ, ಮೇಲೆ ತಗಡು, ಮುಂದೆ ಹಿಂದೆ ಫೈಬರಿನ ಮುಖ. ಲೋಟಸ್ ಸೆವೆನ್ ಬಿಚ್ಚಿ ನೋಡಿ, ಅಲ್ಲೂ ಅದೇ. ರಾನ್ ಚಾಂಪಿಯನ್ನರ ಪುಸ್ತಕದ ನಕ್ಷೆಯನ್ನು ಮೊದಲ ಸಲ ನೋಡಿದಾಗ ನನಗೆ ಅದು ಪರದೇಶದ ವಸ್ತುವಾಗಿ ಕಾಣಲೇ ಇಲ್ಲ. ನನಗೆ ಕೆಲಸ ಕಲಿಸಿದ ಮಿಸ್ತ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ತಮ್ಮಾ, ಇದು ಸಣ್ಣ ಬಸ್ಸೋ. ಮೂಲಿಗೆ ಕ್ರಾಸ್ ಕೊಟ್ಟಾನ ನೋಡು, ಅದರಾಗ ಐತಿ ಎಲ್ಲಾ” ಅಂದರು. ಎಂಜಿನಿಯರಿಂಗ್ ಪುಸ್ತಕ ಹತ್ತು ಪುಟದಲ್ಲಿ ಹೇಳುವುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಚೌಕ ಪೈಪನ್ನು ಎಷ್ಟು ದಪ್ಪ ಹಾಕಿದರೂ ನಾಲ್ಕು ಮೂಲೆಯ ಚೌಕಟ್ಟು ಓರೆಯಾಗಬಹುದು, ಕರ್ಣಕ್ಕೊಂದು ಪೈಪು ಬಿದ್ದರೆ ಸಣ್ಣ ಪೈಪಿನ ಚೌಕಟ್ಟೂ ಅಲುಗುವುದಿಲ್ಲ.

ಚೌಕಟ್ಟಿಗೆ 25 ಮಿಲಿಮೀಟರಿನ, 16 ಗೇಜಿನ ಚೌಕ ಪೈಪು ತಂದೆ. ಮೊದಲು ದಪ್ಪ ಪ್ಲೈವುಡ್ಡಿನ ಮೇಜನ್ನು ಲೆವೆಲ್ ಮಾಡಿ, ಅದರ ಮೇಲೆ ನಕ್ಷೆಯನ್ನು ನಿಜ ಅಳತೆಯಲ್ಲಿ ಗೀರಿ, ಮರದ ತುಂಡುಗಳನ್ನು ಬಡಿದು ಪೈಪುಗಳನ್ನು ಹಿಡಿದಿಟ್ಟೆವು. ತಮ್ಮನ ಮಗ ಟೇಪು ಹಿಡಿದ, ನಾನು ಗುನಿಯಾ ಹಿಡಿದೆ. ಎಲ್ಲ ಕಡೆ ಬರೀ ಟಾಕಾ ಹಾಕಿ, ಎರಡೂ ಕರ್ಣದ ಅಳತೆ ಸರಿಸಮ ಬಂದ ಮೇಲೆ ಮಾತ್ರ ಪೂರ್ತಿ ವೆಲ್ಡ್. ಅದನ್ನೂ ಒಂದೇ ಕಡೆಯಿಂದ ಎಳೆಯಬಾರದು. ಬಲಗಡೆ ಒಂದಿಂಚು, ಎಡಗಡೆ ಒಂದಿಂಚು, ಮುಂದೆ ಒಂದು, ಹಿಂದೆ ಒಂದು. ಇಲ್ಲವಾದರೆ ಕಾವಿಗೆ ಚೌಕಟ್ಟು ಒಂದು ಕಡೆ ಎಳೆದುಕೊಳ್ಳುತ್ತದೆ, ಆಮೇಲೆ ಗಾಲಿ ನೇರ ನಿಲ್ಲುವುದಿಲ್ಲ.

ಎಂಜಿನ್ನಿನ ವಿಷಯದಲ್ಲಿ ಇಂಗ್ಲೆಂಡಿನ ನಕ್ಷೆ ನಮಗೆ ನೆರವಾಗದು, ಹಿಂದಿನ ಗಾಲಿಗೆ ಓಟವಿದ್ದ ಆ ಹಳೆಯ ಎಸ್ಕಾರ್ಟ್ ಇಲ್ಲಿ ಸಿಗದು. ಬೇಕಾದದ್ದು ಉದ್ದಕ್ಕೆ ಕೂರುವ ಎಂಜಿನ್, ಹಿಂದಿನ ಗಾಲಿಗೆ ಓಟ, ಗುಜರಿಯಲ್ಲಿ ಸಿಗುವ ಬಿಡಿಭಾಗ. ಇವತ್ತಿನ ಸಣ್ಣ ಕಾರುಗಳು ಬಹುತೇಕ ಮುಂದಿನ ಗಾಲಿಯವು. ಈ ಮೂರೂ ಗುಣ ಇರುವುದು ಹಳ್ಳಿ ಹಳ್ಳಿಯಲ್ಲಿ ಓಡುವ ಮಾರುತಿ ಈಕೋ ವ್ಯಾನಿನಲ್ಲಿ. 2022ರ ವರೆಗೆ ಬಂದ ಮಾದರಿಯಲ್ಲಿ 1196 ಸಿಸಿ, 73 ಅಶ್ವಶಕ್ತಿ, ಐದು ಗೇರು, ಹಿಂದೆ ಗಟ್ಟಿ ಆಕ್ಸಲ್. 1957ರ ಮೂಲ ಸೆವೆನ್‌ಗೆ ಇದ್ದ ಶಕ್ತಿಗಿಂತ ಇದು ಬಹಳ ಹೆಚ್ಚು. ಅಪಘಾತಕ್ಕೆ ಸಿಕ್ಕಿ ಗುಜರಿಗೆ ಬಂದ ವ್ಯಾನೊಂದರಿಂದ ಇವನ್ನು ತೆಗೆದುಕೊಂಡೆ. ಪ್ರೊಪೆಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡಿಕೊಟ್ಟವರು ಹುಬ್ಬಳ್ಳಿಯ ಲೇತ್ ಕೆಲಸದವರು.

ಪ್ರತಿ ತೆಗೆಯುವ ಕೆಲಸ ಇಲ್ಲಿಗೆ ಮುಗಿಯಿತು, ತಿದ್ದುವ ಕೆಲಸ ಇಲ್ಲಿಂದ ಶುರುವಾಯಿತು. ಮೂಲ ಸೆವೆನ್‌ನ ಹೊಟ್ಟೆ ನೆಲದಿಂದ ನಾಲ್ಕೈದು ಇಂಚು ಮಾತ್ರ ಎತ್ತರ. ನಮ್ಮ ಊರಿನ ರಸ್ತೆ ಉಬ್ಬುಗಳ ಮೇಲೆ ಅದು ಉಳಿಯಲಾರದು. ಎತ್ತರಿಸಬೇಕು, ಆದರೆ ಬರೀ ಸ್ಪ್ರಿಂಗ್ ಎತ್ತರಿಸಿದರೆ ಸಾಲದು. ಗಾಲಿ ಹಿಡಿಯುವ ವಿಶ್‌ಬೋನುಗಳ ಕೋನ ಬದಲಾಗುತ್ತದೆ. ಸ್ಟೇರಿಂಗಿನ ಟೈರಾಡು ಅದೇ ಕೋನದಲ್ಲಿ ಚಲಿಸದಿದ್ದರೆ, ಗಾಲಿ ಕುಣಿಗೆ ಬಿದ್ದಾಗಲೆಲ್ಲ ಕಾರು ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಅದಕ್ಕಾಗಿ ವಿಶ್‌ಬೋನಿನ ಕೀಲುಗಳನ್ನೇ ಚೌಕಟ್ಟಿನ ಮೇಲೆ ಸರಿಸಿ, ಮಾರುತಿ 800ರ ಸ್ಟೇರಿಂಗ್ ರ‍್ಯಾಕನ್ನು ಆ ಎತ್ತರಕ್ಕೆ ತಂದು ಕೂರಿಸಿದೆ. ರ‍್ಯಾಕಿನ ಒಳಗೀಲು ವಿಶ್‌ಬೋನಿನ ಒಳಗೀಲುಗಳ ಗೆರೆಗೆ ಬೀಳಬೇಕು, ಅದೇ ಇಲ್ಲಿನ ಲೆಕ್ಕ.

ಬ್ರೇಕೂ ಹಾಗೆಯೇ. ವ್ಯಾನಿನ ಬ್ರೇಕು ವ್ಯಾನಿನ ತೂಕಕ್ಕೆ, ಅದರ ಹಿಂದೆ ತುಂಬುವ ಸಾಮಾನಿಗೆ ಹೊಂದಿಸಿದ್ದು. ಹಗುರ ಕಾರಿಗೆ ಹಾಗೆಯೇ ಹಾಕಿದರೆ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಕಾರು ತಿರುಗಿ ನಿಲ್ಲುವ ಅಪಾಯ ಉಂಟು. ಮುಂದಿನ ಗಾಲಿ ಯಾವತ್ತೂ ಒಂದು ಕ್ಷಣ ಮೊದಲು ಹಿಡಿಯಬೇಕು. ಮುಂದಕ್ಕೊಂದು ಹಿಂದಕ್ಕೊಂದು ಮಾಸ್ಟರ್ ಸಿಲಿಂಡರ್ ಇಟ್ಟು, ನಡುವೆ ಹಂಚಿಕೆ ಬದಲಿಸಬಹುದಾದ ಸರಳು ಕೊಟ್ಟೆ. ರೇಡಿಯೇಟರ್ ದೊಡ್ಡದು, ಫ್ಯಾನೂ ದೊಡ್ಡದು, ಏಕೆಂದರೆ ಇಂಗ್ಲೆಂಡಿನ ತಂಪಿಗೆ ಬರೆದ ಮೂಗಿನ ಬಾಯಿ ನಮ್ಮ ಏಪ್ರಿಲ್ ಬಿಸಿಲಿಗೆ ಸಾಲದು. ಎಂಜಿನ್ ಕೆಳಗೆ ಉಕ್ಕಿನ ತಟ್ಟೆ, ವೈರಿಂಗಿನ ಕೂಡುಗಳಿಗೆಲ್ಲ ನೀರು ತಡೆಯುವ ಮುಚ್ಚಳ, ತಲೆಯ ಹಿಂದೆ ದಪ್ಪ ಪೈಪಿನ ಕಮಾನು. 1957ರವರು ಇವುಗಳಲ್ಲಿ ಯಾವುದನ್ನೂ ಇಡಲಿಲ್ಲ. ಅವರ ರಸ್ತೆ, ಅವರ ಕಾಲ ಬೇರೆ.

ಮೂಗು ಮತ್ತು ಮಡ್‌ಗಾರ್ಡು ಫೈಬರಿನವು. ನನ್ನ ಹುಟ್ಟಿನ ಕಸುಬು ಇಲ್ಲಿ ಕೈಹಿಡಿಯಿತು. ತಿಗರಿಯ ಮೇಲೆ ಎದ್ದ ಮಡಕೆಯಂತೆ ಕೈಯ ಮೇಲೆಯೇ ರೂಪ ಪಡೆಯುವುದು ಮೊದಲ ಆಕೃತಿ ಮಾತ್ರ. ಮರ, ಥರ್ಮಾಕೋಲು, ಪುಟ್ಟಿ ಸೇರಿಸಿ ಅದನ್ನು ಎಬ್ಬಿಸಿ, ಉಜ್ಜಿ ಉಜ್ಜಿ ಕನ್ನಡಿ ಮಾಡಬೇಕು. ಅದರ ಮೇಲೆ ಮೇಣ ಹಚ್ಚಿ, ಜೆಲ್‌ಕೋಟ್ ಬಳಿದು, ಗಾಜಿನ ಎಳೆಯ ಮ್ಯಾಟು ಹಾಸಿ ರೆಸಿನ್ ಕುಡಿಸಿ ಅಚ್ಚು ತೆಗೆಯಬೇಕು. ಆ ಅಚ್ಚಿನೊಳಗೆ ಮತ್ತೆ ಅದೇ ಕ್ರಮದಲ್ಲಿ ಮೂಗು ಹುಟ್ಟುತ್ತದೆ. ರೋಲರ್ ಎಳೆದು ಗಾಳಿಗುಳ್ಳೆ ಒಂದೂ ಉಳಿಯದಂತೆ ಒತ್ತುವುದರಲ್ಲೇ ಕೈಗುಣ ಗೊತ್ತಾಗುತ್ತದೆ. ಮುಗದ ಮಲೆನಾಡಿನ ಅಂಚು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಮ್ಯಾಟು ಬೆಳ್ಳಗಾಗುತ್ತದೆ, ರೆಸಿನ್ ಗಟ್ಟಿಯಾಗಲು ಮೊಂಡು ಹಿಡಿಯುತ್ತದೆ. ಅದಕ್ಕೇ ಆ ಕೆಲಸವನ್ನೆಲ್ಲ ದೀಪಾವಳಿಯ ನಂತರದ ಒಣ ದಿನಗಳಿಗೆ ಇಟ್ಟುಕೊಳ್ಳುತ್ತೇನೆ.

ಈ ಕಾರು ಸದ್ಯಕ್ಕೆ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ, ನಾನು ಇಳಿಸುವುದೂ ಇಲ್ಲ. ನಮ್ಮ ಹೊಲದ ದಾರಿಯೇ ಅದರ ಪರೀಕ್ಷಾ ಪಥ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ಮಾದರಿಯ ಗಾಡಿಯನ್ನು ತಯಾರಕರು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಸಾವಿರಗಟ್ಟಲೆ ಗಾಡಿ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ದಾರಿ ಅದು. ಇದ್ದ ಗಾಡಿಯನ್ನೇ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ರಸ್ತೆಯ ಮೇಲಿನ ಜೀವಗಳ ಸುರಕ್ಷತೆಗಾಗಿ ಇರುವ ಈ ಕಟ್ಟುನಿಟ್ಟನ್ನು ನಾನು ಗೌರವಿಸುತ್ತೇನೆ. ಕೆಟ್ಟ ವೆಲ್ಡ್ ಏನು ಮಾಡಬಲ್ಲದೆಂದು ವೆಲ್ಡರಿಗಿಂತ ಚೆನ್ನಾಗಿ ಯಾರೂ ಅರಿಯರು. ಆದರೆ ಬ್ರಿಟನ್ 1998ರಲ್ಲಿ ಇದಕ್ಕೊಂದು ದಾರಿ ಮಾಡಿತು. ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಸರ್ಕಾರಿ ಪರೀಕ್ಷಕರು ಬ್ರೇಕು, ದೀಪ, ಸೀಟ್‌ಬೆಲ್ಟು, ಹೊಗೆ ಎಲ್ಲವನ್ನೂ ನೋಡಿ ಒಪ್ಪುವ ಅಥವಾ ತಿರಸ್ಕರಿಸುವ ವ್ಯವಸ್ಥೆ ಅದು. 2009ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿದರು. ನಮ್ಮಲ್ಲೂ 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ಬಂದಿದೆ. ಹಳೆಯದನ್ನು ಉಳಿಸಿದವರಿಗೆ ಒಂದು ದಾರಿ ತೆರೆದ ಸರ್ಕಾರ, ಹೊಸದಾಗಿ ಕಟ್ಟುವ ಕೈಗಾರನಿಗೂ ಕಠಿಣವಾದ, ಆದರೆ ಎಟುಕುವಂಥ ಒಂದು ಪರೀಕ್ಷೆ ಇಡಬೇಕು. ಇದು ನನ್ನ ನೇರ ಬೇಡಿಕೆ.

ಅಂಥ ಪರೀಕ್ಷೆ ಬಂದರೆ ಅದರ ಲಾಭ ನನ್ನಂಥ ವಯಸ್ಸಾದವನಿಗಿಂತ ಹುಡುಗರಿಗೆ ಹೆಚ್ಚು. ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಬಾಹಾ ಎಂಬ ಗಾಡಿ ಕಟ್ಟುವ ಸ್ಪರ್ಧೆಗೆಂದು ಪೈಪಿನ ಗಾಡಿಗಳನ್ನು ಕಟ್ಟುತ್ತಾರೆ. ಐಟಿಐ ಮುಗಿಸಿದ ವೆಲ್ಡರು, ಫಿಟ್ಟರುಗಳಿಗೆ ಆ ಅವಕಾಶವೂ ಇಲ್ಲ. ಅವರ ಕೈಗೆ ಬರುವುದು ಗೇಟು, ಗ್ರಿಲ್ಲು. ಒಂದು ಕಾರನ್ನು ಪೂರ್ತಿ ಕಟ್ಟಿದವನು ಅಳತೆ, ಕಾವು, ತೂಕ, ಕೋನ, ವಿದ್ಯುತ್ತು, ಹೊಗೆ ಎಲ್ಲವನ್ನೂ ಒಟ್ಟಿಗೆ ಕಲಿಯುತ್ತಾನೆ. ತಿದ್ದುವ ಧೈರ್ಯ ಬರುವುದು ಅಲ್ಲಿಂದ. ಕಿರ್ಲೋಸ್ಕರರಿಗೂ, ಚಾಪ್‌ಮನ್ನನಿಗೂ, ಸಿಪಾನಿಯ ಕಾರ್ಖಾನೆಯ ಹೆಸರಿಲ್ಲದ ಮೋಲ್ಡರುಗಳಿಗೂ ಅದು ಬಂದದ್ದು ಇನ್ನೊಬ್ಬರ ವಸ್ತುವನ್ನು ಮರ್ಯಾದೆಯಿಂದ ಬಿಚ್ಚಿ, ಮತ್ತೆ ಕಟ್ಟಿದ್ದರಿಂದ.

ನನ್ನ ಕಾರಿನ ಡ್ಯಾಶಿನ ಮೇಲೆ ಒಂದು ಅಲ್ಯೂಮಿನಿಯಂ ಪಟ್ಟಿ ಇದೆ. ಮೂಲ ಕಲ್ಪನೆ ಕಾಲಿನ್ ಚಾಪ್‌ಮನ್, ಅಳತೆ ರಾನ್ ಚಾಂಪಿಯನ್, ಕಟ್ಟಿದ್ದು ಮುಗದ ಎಂದು ಅದರ ಮೇಲೆ ಕೊರೆಸಿದ್ದೇನೆ. ಬದಲಿಸಿದ ಪ್ರತಿಯೊಂದು ಅಳತೆಯನ್ನೂ, ಯಾಕೆ ಬದಲಿಸಿದೆ ಎಂಬ ಕಾರಣ ಸಮೇತ, ಒಂದು ಡ್ರಾಯಿಂಗ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಪ್ರತಿರೂಪ ಕಟ್ಟುವ ಯಾರೇ ಆದರೂ ಈ ಎರಡನ್ನು ಮಾಡಬೇಕು ಎಂಬುದು ನನ್ನ ಮಾತು. ಕಲಿತದ್ದು ಯಾರಿಂದ ಎಂದು ಬರೆಯಬೇಕು, ತಿದ್ದಿದ್ದು ಏನು ಎಂದೂ ಬರೆಯಬೇಕು. ಆ ಪುಸ್ತಕ ಕಲಿಯಬೇಕೆಂದು ಬರುವ ಯಾವ ಹುಡುಗನಿಗೂ, ಯಾವ ಹುಡುಗಿಗೂ ತೆರೆದಿದೆ. ಅವರು ನನ್ನ ಅಳತೆಗಳನ್ನು ತೆಗೆದುಕೊಂಡು, ನನ್ನ ಕಾರಿಗಿಂತ ಒಳ್ಳೆಯದನ್ನು ಕಟ್ಟಲಿ.